ಕುಕ್ಕರ್ ಕೂಗದಿದ್ದರೆ

ಅವರೆಕಾಯಿ ಕಾಲ. ಸಂಜೆ ಏಳು ಗಂಟೆ. ಶಾಲೆಯ ಜಗಲಿಯಲ್ಲಿ ನಮ್ಮ ತರಗತಿ ನಡೆದಿತ್ತು. ಆ ದಿನ 'ಕ' ಒತ್ತಿನ ಪಾಠ. ಅಕ್ಕ, ಅಕ್ಕಿ, ಬೆಕ್ಕು, ರೊಕ್ಕ ಎಂದು ಹಲಗೆಯ ಮೇಲೆ ಬರೆದೆ. ನೀವೂ ಒಂದೊಂದು ಪದ ಹೇಳಿ ಎಂದೆ.

"ಕುಕ್ಕರ್!" ಎಂದರು ಕಂಬದ ಪಕ್ಕ ಕುಳಿತಿದ್ದ ಅಕ್ಕ.

ಎಲ್ಲರೂ ನಕ್ಕರು. ಆದರೆ ಪದ ಸರಿಯಾಗಿಯೇ ಇತ್ತು. ಅದನ್ನೂ ಬರೆದೆ.

"ನಮ್ಮನೇಲಿ ಒಂದೈತೆ ಮೇಡಂ" ಅಂದರು ಆ ಅಕ್ಕ. "ಗೃಹಲಕ್ಷ್ಮಿ ದುಡ್ಡು ಬಂದಾಗ ತಗೊಂಡೆ. ಅದು ಕೂಗಕ್ಕೆ ಶುರು ಮಾಡುದ್ರೆ ನಾನು ಹಿತ್ಲಿಗೆ ಓಡೋಯ್ತೀನಿ. ಅದುಕ್ಕೇ ಈಗ ಅಟ್ಟದ ಮೇಲೆ ಇಟ್ಟಿವ್ನಿ."

ಪಕ್ಕದ ಅಕ್ಕ ಸಮಾಧಾನ ಹೇಳಿದರು. "ನಮ್ದು ಕೂಗೋದೇ ಇಲ್ಲ ಕಣಕ್ಕ. ಸುಮ್ಕೆ ಕೂತಿರ್ತದೆ. ನಂಗೇನೂ ಭಯ ಇಲ್ಲ."

ನನ್ನ ಕೈಯ ಸೀಮೆಸುಣ್ಣ ಅಲ್ಲೇ ನಿಂತಿತು. ಕೂಗುವ ಕುಕ್ಕರ್‌ಗೆ ಒಬ್ಬರು ಹೆದರಿ ಓಡುತ್ತಿದ್ದಾರೆ. ಕೂಗದ ಕುಕ್ಕರ್ ಮುಂದೆ ಇನ್ನೊಬ್ಬರು ಧೈರ್ಯವಾಗಿ ಕೂತಿದ್ದಾರೆ. ಇದು ಪೂರಾ ಉಲ್ಟಾ ಆಯಿತಲ್ಲ! "ನಾಳೆ ಪುಸ್ತಕದ ಜೊತೆ ನಿಮ್ಮ ನಿಮ್ಮ ಕುಕ್ಕರ್ ಮುಚ್ಚಳಾನೂ ತನ್ನಿ" ಎಂದೆ.

ಮಾರನೇ ದಿನ ಐದು ಮುಚ್ಚಳ ಬಂದವು. ಸಾಲಾಗಿ ಇಟ್ಟು ನೋಡಿದೆವು. ಐದರಲ್ಲಿ ಒಂದೇ ಒಂದು ಸರಿಯಾಗಿತ್ತು. ಅದು ಅಟ್ಟದ ಮೇಲಿದ್ದ ಮುಚ್ಚಳ!

ಆವಿಯ ಬಲ ಎಷ್ಟು?

ಮುಚ್ಚಳದ ರಿಪೇರಿಗೆ ಮೊದಲು ಆವಿಯ ವಿಚಾರ ತಿಳಿಯಬೇಕು.

ತೆರೆದ ಪಾತ್ರೆಯಲ್ಲಿ ನೀರು ಕುದಿಯುತ್ತದೆ. ಆಗ ಅದರ ಬಿಸಿ ಸುಮಾರು 100 ಡಿಗ್ರಿ. ನೀವು ಇನ್ನೂ ಎರಡು ಸೌದೆ ತುರುಕಿ. ನೀರು ಜೋರಾಗಿ ಕುದಿಯಬಹುದು. ಆದರೆ ಅದರ ಬಿಸಿ 100 ಡಿಗ್ರಿ ದಾಟುವುದಿಲ್ಲ. ಹೆಚ್ಚಿನ ಬಿಸಿಯೆಲ್ಲ ಆವಿಯಾಗಿ ಹೊರಗೆ ಹೋಗುತ್ತದೆ. ಅದಕ್ಕೇ ಬೇಳೆ ಬೇಯಲು ಅಷ್ಟು ಹೊತ್ತು.

ಕುಕ್ಕರ್ ಆ ಆವಿಯನ್ನು ಒಳಗೇ ಕೂಡಿ ಹಾಕುತ್ತದೆ. ಕೂಡಿದ ಆವಿ ನಾಲ್ಕೂ ಕಡೆ ಒತ್ತುತ್ತದೆ. ಒತ್ತಡದಲ್ಲಿರುವ ನೀರು ಬೇಗ ಕುದಿಯುವುದಿಲ್ಲ. ಅದು ಸುಮಾರು 120 ಡಿಗ್ರಿವರೆಗೆ ಬಿಸಿಯಾಗುತ್ತದೆ. ಆ ಬಿಸಿಗೆ ಬೇಳೆ, ಕಾಳು, ಮಾಂಸ ಎಲ್ಲ ಬೇಗ ಬೇಯುತ್ತವೆ.

ಸರಿ, ಆವಿ ಎಷ್ಟು ಜೋರಾಗಿ ಒತ್ತುತ್ತದೆ? ನಿಮ್ಮ ಹೆಬ್ಬೆರಳಿನ ಉಗುರು ನೋಡಿ. ಹೆಚ್ಚುಕಡಿಮೆ ಅಷ್ಟು ಜಾಗ ಒಂದು ಚದರ ಸೆಂಟಿಮೀಟರ್. ಮನೆ ಕುಕ್ಕರ್ ಒಳಗೆ ಅಷ್ಟು ಜಾಗದ ಮೇಲೆ ಸುಮಾರು ಒಂದು ಕೆಜಿ ಒತ್ತಡ ಇರುತ್ತದೆ. ಒಂದು ಕೆಜಿ ತಾನೇ ಅನ್ನಬೇಡಿ. ಮುಚ್ಚಳ 20 ಸೆಂಟಿಮೀಟರ್ ಅಗಲ ಇದ್ದರೆ, ಅದರಲ್ಲಿ ಅಂಥ ಜಾಗ ಮುನ್ನೂರಕ್ಕಿಂತ ಹೆಚ್ಚು. ಅಂದರೆ ಮುಚ್ಚಳವನ್ನು ಆವಿ ಮುನ್ನೂರು ಕೆಜಿ ಬಲದಿಂದ ಮೇಲಕ್ಕೆ ತಳ್ಳುತ್ತಿರುತ್ತದೆ. ಆರು ಮೂಟೆ ಸಿಮೆಂಟ್ ತೂಕ ಅದು!

"ಅಯ್ಯೋ ಶಿವನೆ" ಅಂದರು ಒಬ್ಬ ಅಜ್ಜಿ. "ಆರು ಮೂಟೇನ ಒಂದು ಕೈ ಹಿಡಿ ತಡ್ಕೊಂಡಿರ್ತದಾ?"

ಹಿಡಿ ಒಂದೇ ಅಲ್ಲ. ಮುಚ್ಚಳದ ಅಂಚೂ ಪಾತ್ರೆಯ ಅಂಚೂ ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಅದಕ್ಕೇ ಒಳಗೆ ಆವಿ ಇರುವಾಗ ಮುಚ್ಚಳ ತಿರುಗಿಸಲು ಹೋಗಬಾರದು. ಕಚ್ಚು ಬಿಟ್ಟಿತೋ, ಆರು ಮೂಟೆಯ ಬಲ ನಿಮ್ಮ ಮುಖಕ್ಕೇ ಬರುತ್ತದೆ.

ವೆಯ್ಟ್ ಅಂದರೆ ತಕ್ಕಡಿ

ಈಗ ವೆಯ್ಟ್ ಕೈಗೆ ತಗೊಳ್ಳಿ. ನಾವು ಇದನ್ನು ವಿಸಿಲ್ ಅನ್ನುತ್ತೇವೆ. ಸೀಟಿ ಹೊಡೆಯುವುದೇ ಇದರ ಕೆಲಸ ಅಂದುಕೊಂಡಿದ್ದೇವೆ. ಅಲ್ಲ. ಇದು ಒಂದು ತಕ್ಕಡಿ. ಕೆಳಗಿನಿಂದ ಆವಿ ತಳ್ಳುತ್ತದೆ. ಮೇಲಿನಿಂದ ವೆಯ್ಟಿನ ತೂಕ ಅದುಮುತ್ತದೆ. ತೂಕ ಗೆದ್ದಾಗ ತೂತು ಮುಚ್ಚಿರುತ್ತದೆ. ಆವಿ ಗೆದ್ದಾಗ ವೆಯ್ಟ್ ಮೇಲೇಳುತ್ತದೆ. ಹೆಚ್ಚಾದ ಆವಿ 'ಸೊಂಯ್' ಎಂದು ಹೊರಗೆ ಹೋಗುತ್ತದೆ. ಒತ್ತಡ ಇಳಿದಾಗ ವೆಯ್ಟ್ ಮತ್ತೆ ಕೂರುತ್ತದೆ.

ಅಂದರೆ ಕೂಗು ಅಪಾಯದ ಸದ್ದಲ್ಲ. ಹೆಚ್ಚಾದದ್ದನ್ನು ಹೊರಗೆ ಹಾಕಿದೆ ಎಂದು ಕುಕ್ಕರ್ ಹೇಳುವ ಮಾತು ಅದು. ಹಿತ್ತಲಿಗೆ ಓಡುತ್ತಿದ್ದ ಅಕ್ಕನಿಗೆ ಇದನ್ನು ಎರಡು ಸಲ ಹೇಳಿದೆ.

ಈ ಉಪಾಯ ಹಳೆಯದು. ಫ್ರಾನ್ಸ್ ದೇಶದ ಡೆನಿ ಪಾಪಿನ್ ಎಂಬ ವಿಜ್ಞಾನಿ 1679ರಲ್ಲಿ ಲಂಡನ್ನಿನಲ್ಲಿ ಇಂಥ ಪಾತ್ರೆ ಮಾಡಿ ತೋರಿಸಿದರು. ಮೂಳೆಯೂ ಮೆತ್ತಗಾಗುವಂತೆ ಬೇಯಿಸುವ ಪಾತ್ರೆ ಅದು. ಅದು ಸಿಡಿಯಬಾರದೆಂದು ಒಂದು ತೂತು ಇಟ್ಟು, ಅದರ ಮೇಲೆ ತೂಕ ಕೂರಿಸಿದರು. ಅಕ್ಕಿ ಗಿರಣಿ, ಸಕ್ಕರೆ ಕಾರ್ಖಾನೆಯ ದೊಡ್ಡ ಬಾಯ್ಲರ್‌ನಲ್ಲೂ ಇಂಥ ವಾಲ್ವ್ ಇರುತ್ತದೆ. ಅಲ್ಲಿ ಬಹಳ ಕಡೆ ತೂಕದ ಬದಲು ಗಟ್ಟಿ ಸ್ಪ್ರಿಂಗ್ ಇರುತ್ತದೆ. ಲೆಕ್ಕ ಅದೇ.

ಲೆಕ್ಕ ಅಂದಾಗ ನೆನಪಾಯಿತು. ನಾವು ತಂದ ಮುಚ್ಚಳಗಳಲ್ಲಿ ಒಂದರ ವೆಯ್ಟ್ ಬೇರೆ ಕಂಪನಿಯದು. "ನಮ್ದು ಕಳ್ದೋಯ್ತು. ನಾದಿನಿ ಮನೇದು ತಂದಿವ್ನಿ. ಕೂತ್ಕತ್ತದಲ್ಲ ಮೇಡಂ" ಅಂದರು. ಕೂರುವುದು ಬೇರೆ, ತೂಗುವುದು ಬೇರೆ. ಕೊಳವೆಯ ತೂತಿನ ಅಗಲಕ್ಕೂ ವೆಯ್ಟಿನ ತೂಕಕ್ಕೂ ಜೋಡಿ ಇದೆ. ಗಂಡ ಹೆಂಡಿರ ಜೋಡಿ ಇದ್ದ ಹಾಗೆ. ತೂತು 3 ಮಿಲಿಮೀಟರ್ ಅಗಲ ಇದ್ದರೆ ಸುಮಾರು 70 ಗ್ರಾಂ ತೂಕ ಸಾಕು. 4 ಮಿಲಿಮೀಟರ್ ಇದ್ದರೆ 125 ಗ್ರಾಂ ಬೇಕು. ಒಂದೇ ಮಿಲಿಮೀಟರ್ ವ್ಯತ್ಯಾಸ, ತೂಕ ಎಷ್ಟು ಏರಿತು ನೋಡಿ. ಆ 125 ಗ್ರಾಮಿನ ವೆಯ್ಟನ್ನು ಸಣ್ಣ ತೂತಿನ ಮೇಲೆ ಇಟ್ಟರೆ ಏನಾಗುತ್ತದೆ? ಒಂದು ಕೆಜಿ ಒತ್ತಡಕ್ಕೆ ಏಳಬೇಕಾದದ್ದು ಒಂದೂಮುಕ್ಕಾಲು ಕೆಜಿ ಆದರೂ ಏಳುವುದಿಲ್ಲ. ಮುಚ್ಚಳದ ಮೇಲೆ ಆರು ಮೂಟೆ ಇದ್ದದ್ದು ಹತ್ತು ಮೂಟೆ ದಾಟುತ್ತದೆ.

ನಾದಿನಿಯ ವೆಯ್ಟ್ ಆವತ್ತೇ ವಾಪಸ್ ಹೋಯಿತು.

ಒಂದು ಸಿಪ್ಪೆ

ಕೂಗದ ಕುಕ್ಕರಿನ ಅಕ್ಕ ತಮ್ಮ ಮುಚ್ಚಳ ಮುಂದಿಟ್ಟರು. ಮೇಲೆ ಫಳಫಳ ಹೊಳೆಯುತ್ತಿತ್ತು. ಹುಣಸೆಹಣ್ಣು ಹಾಕಿ ತಿಕ್ಕಿದ್ದರು. ನಾನು ವೆಯ್ಟ್ ತೆಗೆದೆ. ಮುಚ್ಚಳ ಎತ್ತಿ, ಆವಿ ಕೊಳವೆಯನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದೆ. ಬೆಳಕು ಕಾಣಲಿಲ್ಲ. "ನೀವೇ ನೋಡಿ" ಎಂದು ಕೊಟ್ಟೆ. ಒಬ್ಬೊಬ್ಬರೇ ಒಂದು ಕಣ್ಣು ಮುಚ್ಚಿ ನೋಡಿದರು. ಕತ್ತಲೆ.

ಪೊರಕೆ ಕಡ್ಡಿ ತರಿಸಿ ಮೆಲ್ಲಗೆ ಚುಚ್ಚಿದೆವು. ಏನು ಬಂತು ಗೊತ್ತೆ? ಒಣಗಿದ ಅವರೆಕಾಳಿನ ಸಿಪ್ಪೆ. ಅದರ ಮೇಲೆ ಬೇಳೆಯ ನೊರೆ ಒಣಗಿ ಗಾರೆಯಂತೆ ಗಟ್ಟಿಯಾಗಿತ್ತು.

ಆಗ ನಾನು ಒಂದು ವಿಚಾರ ಹೇಳಲೇಬೇಕಾಯಿತು. ನಮ್ಮ ಅಮ್ಮನ ಬಲಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟ ಕಲೆ ಇದೆ. ನಾನಾಗ ಏಳನೇ ತರಗತಿ. ಅಮ್ಮ ಕುಕ್ಕರಿನಲ್ಲಿ ಅವರೆಕಾಳು ಇಟ್ಟಿದ್ದರು. ಎಷ್ಟು ಹೊತ್ತಾದರೂ ಕೂಗಲಿಲ್ಲ. "ಇನ್ನೂ ಆವಿ ಕಟ್ಟಿಲ್ಲ, ನೀರು ಸಾಲದೇನೋ" ಅಂದುಕೊಂಡರು. ಒಲೆ ಆರಿಸಿ ಮುಚ್ಚಳ ತಿರುಗಿಸಿದರು. ಬಿಗಿಯಾಗಿತ್ತು. ಹಿಡಿಗೆ ಸೌಟಿನಿಂದ ಒಂದು ಏಟು ಕೊಟ್ಟರು. ಮುಚ್ಚಳ ಹೆಂಚಿಗೆ ಬಡಿಯಿತು. ಎರಡು ಹೆಂಚು ಒಡೆದವು. ಕಾಳು, ನೀರು ಎಲ್ಲ ಅಮ್ಮನ ಕೈ ಮೇಲೆ. ಮುಖಕ್ಕೆ ಬಂದಿಲ್ಲ, ಅದೇ ಪುಣ್ಯ. ಎರಡು ತಿಂಗಳು ಅಮ್ಮನಿಗೆ ನಾನೇ ತಲೆ ಬಾಚುತ್ತಿದ್ದೆ. ಆಮೇಲೆ ನೋಡಿದರೆ ಕೊಳವೆಯಲ್ಲಿ ಇದ್ದದ್ದೂ ಇಂಥದೇ ಒಂದು ಸಿಪ್ಪೆ.

ಜಗಲಿಯಲ್ಲಿ ಯಾರೂ ಮಾತಾಡಲಿಲ್ಲ. ಧೈರ್ಯವಾಗಿದ್ದ ಅಕ್ಕ ತಮ್ಮ ಮುಚ್ಚಳವನ್ನು ಮತ್ತೆ ಬೆಳಕಿಗೆ ಹಿಡಿದರು. ಈಗ ಸಾಸಿವೆಯಷ್ಟು ಬೆಳಕು ಕಂಡಿತು.

ಬಿಚ್ಚುವುದು, ತೊಳೆಯುವುದು, ಜೋಡಿಸುವುದು

ಒಂದು ಮುಚ್ಚಳ ತೆಗೆದುಕೊಂಡು ಎಲ್ಲರೂ ಸೇರಿ ಬಿಚ್ಚಿದೆವು. ನೀವೂ ಹಾಗೇ ಮಾಡಿ. ಕುಕ್ಕರ್ ಪೂರ್ತಿ ತಣ್ಣಗಿರಲಿ.

ಮೊದಲು ವೆಯ್ಟ್ ತೆಗೆಯಿರಿ. ಅದರ ಹೊಟ್ಟೆಯೊಳಗೆ ಒಂದು ಮೊನೆ ಇರುತ್ತದೆ. ಆ ಮೊನೆಯೇ ತೂತನ್ನು ಮುಚ್ಚುವುದು. ಅಲ್ಲಿ ಅನ್ನದ ಗಂಜಿ ಅಂಟಿದ್ದರೆ ವೆಯ್ಟ್ ಸರಿಯಾಗಿ ಕೂರುವುದಿಲ್ಲ. ಬಿಸಿನೀರಲ್ಲಿ ನೆನೆಸಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ಚಾಕು, ಉಪ್ಪುಕಾಗದ ಹಾಕಬೇಡಿ. ಮೊನೆಗೆ ಗೀರು ಬಿದ್ದರೆ ಆವಿ ಸದಾ ಸೋರುತ್ತದೆ.

ಆಮೇಲೆ ಆವಿ ಕೊಳವೆ. ಕಡ್ಡಿ ಆಡಿಸಿ, ನಲ್ಲಿ ನೀರು ಬಿಟ್ಟು, ಬೆಳಕಿಗೆ ಹಿಡಿದು ನೋಡಿ. ಮುಚ್ಚಳದ ಒಳಗಡೆ ಕೊಳವೆಯನ್ನು ಹಿಡಿದಿರುವ ನಟ್ಟು ಬಿಗಿಯಾಗಿದೆಯೇ ನೋಡಿ. ಕೊಳವೆ ಅಲ್ಲಾಡಿದರೆ ಅದರ ಬುಡದಲ್ಲಿ ಆವಿ ಸೋರುತ್ತದೆ.

ಮೂರನೆಯದು ಗ್ಯಾಸ್ಕೆಟ್, ನಮ್ಮ ಮಾತಲ್ಲಿ ರಬ್ಬರ್ ಬಳೆ. ತೆಗೆದು ತೊಳೆದು ಒರೆಸಿ. ಎಳೆದು ನೋಡಿ. ಬಿರುಕಿದೆಯೇ? ಗಟ್ಟಿಯಾಗಿದೆಯೇ? ನಮ್ಮಲ್ಲಿ ಒಂದು ಮುಚ್ಚಳದ ಗ್ಯಾಸ್ಕೆಟ್ ಸಡಿಲವಾಗಿತ್ತು. ಆ ಅಕ್ಕ ಅದಕ್ಕೆ ಹತ್ತಿ ದಾರ ಸುತ್ತಿದ್ದರು. ಬುದ್ಧಿವಂತಿಕೆ ಏನೋ ನಿಜ. ಆದರೆ ದಾರದ ಸಂದಿಯಲ್ಲಿ ಆವಿ ಸೋರಿ, ಗ್ಯಾಸೆಲ್ಲ ದಂಡ. ಸಡಿಲವಾದ ಗ್ಯಾಸ್ಕೆಟ್ಟನ್ನು ಅರ್ಧ ಗಂಟೆ ತಣ್ಣೀರಲ್ಲಿ ಹಾಕಿದರೆ ಸ್ವಲ್ಪ ಬಿಗಿಯಾಗುತ್ತದೆ. ಅದು ಆ ಹೊತ್ತಿನ ಅಡುಗೆಗೆ ಮಾತ್ರ. ಆಮೇಲೆ ಹೊಸದು ತರಲೇಬೇಕು. ದಿನಾ ಅಡುಗೆ ಆದ ಮೇಲೆ ಗ್ಯಾಸ್ಕೆಟ್ ತೆಗೆದು ಮೊಳೆಗೆ ನೇತುಹಾಕಿ. ಮುಚ್ಚಳ ಬಿಗಿದು ಇಡಬೇಡಿ, ಬೋರಲು ಹಾಕಿ ಇಡಿ. ಗ್ಯಾಸ್ಕೆಟ್ ಹೆಚ್ಚು ದಿನ ಬರುತ್ತದೆ.

ಇನ್ನು ಸೇಫ್ಟಿ ವಾಲ್ವ್. ಮುಚ್ಚಳದ ಮೇಲೆ ಒಂದು ಪಕ್ಕ ಸಣ್ಣ ಗುಂಡಿಯ ಹಾಗೆ ಇರುತ್ತದೆ. ಬಹಳ ಕುಕ್ಕರ್‌ಗಳಲ್ಲಿ ಅದರೊಳಗೆ ಬೇಗ ಕರಗುವ ಒಂದು ಲೋಹ ತುಂಬಿರುತ್ತಾರೆ. ಕೊಳವೆ ಕಟ್ಟಿ ಬಿಸಿ ಮಿತಿಮೀರಿದರೆ, ಅಥವಾ ಒಳಗಿನ ನೀರು ಬತ್ತಿದರೆ, ಆ ಲೋಹ ಕರಗುತ್ತದೆ. ತೂತು ಬೀಳುತ್ತದೆ. ಆವಿ ಅಲ್ಲಿಂದ ಹೋಗುತ್ತದೆ. ಮುಚ್ಚಳ ಹಾರುವುದಿಲ್ಲ. ತಾನು ಸತ್ತು ನಮ್ಮನ್ನು ಉಳಿಸುವ ವಸ್ತು ಅದು. ಕರಗಿದ ಮೇಲೆ ಅದು ಬರಿಯ ತೂತು. ಅದೇ ಕಂಪನಿಯ ಹೊಸ ವಾಲ್ವ್ ಹಾಕಿಸಬೇಕು. ಬೆಲೆಯೂ ಬಹಳ ಅಲ್ಲ.

ಐದನೇ ಮುಚ್ಚಳ ನೋಡಿದಾಗ ನನಗೆ ಮೈ ಬೆವರಿತು. ಸೇಫ್ಟಿ ವಾಲ್ವ್ ಜಾಗದಲ್ಲಿ ಒಂದು ಕಬ್ಬಿಣದ ಬೋಲ್ಟು! ಮೇಲೆ ನಟ್ಟು ಬಿಗಿದು, ಸುತ್ತ ಗೋಂದು ಮೆತ್ತಿದ್ದರು. "ಸಂತೇಲಿ ರಿಪೇರಿ ಮಾಡಿಸ್ದೆ. ಇನ್ನು ಜನ್ಮಕ್ಕೂ ಸೋರಲ್ಲ ಅಂದ" ಎಂದರು ಆ ಅಕ್ಕ. ಹೌದು, ಸೋರುವುದಿಲ್ಲ. ಅದೇ ತೊಂದರೆ. ಕೊಳವೆಯಲ್ಲಿ ಒಂದು ಸಿಪ್ಪೆ ಕೂತರೆ ಆವಿಗೆ ಇನ್ನು ದಾರಿ ಯಾವುದು? ಬೋಲ್ಟು, ಮೊಳೆ, ಮರದ ಬಿರಡೆ, ಮೈದಾ ಹಿಟ್ಟು, ಯಾವುದನ್ನೂ ಆ ತೂತಿಗೆ ಹಾಕಬಾರದು. ಆ ಮುಚ್ಚಳವನ್ನು ನಾನು ಅವರ ಕೈಗೆ ವಾಪಸ್ ಕೊಡಲಿಲ್ಲ. ಹೊಸ ವಾಲ್ವ್ ತಂದ ಮೇಲೇ ಕೊಟ್ಟೆ. ಅವರು ಎರಡು ದಿನ ನನ್ನ ಮೇಲೆ ಮುನಿಸಿಕೊಂಡಿದ್ದರು. ಇರಲಿ.

ಎಲ್ಲ ಜೋಡಿಸಿದ ಮೇಲೆ ಹಿಡಿಯ ಸ್ಕ್ರೂ ಬಿಗಿ ಮಾಡಿ. ತಕ್ಷಣ ಬೇಳೆ ಇಡಬೇಡಿ. ಮೊದಲು ಎರಡು ದೊಡ್ಡ ಲೋಟ ಬರಿ ನೀರು ಹಾಕಿ. ಮುಚ್ಚಳ ಮುಚ್ಚಿ, ವೆಯ್ಟ್ ಇಡದೆ, ಒಲೆ ಹಚ್ಚಿ. ಕೊಳವೆಯಿಂದ ಆವಿ ನೇರವಾಗಿ, ಜೋರಾಗಿ ಮೇಲೆ ಬರಬೇಕು. ಬಂದ ಮೇಲೆ ವೆಯ್ಟ್ ಇಡಿ. ಒಂದು ಕೂಗು ಬರುವವರೆಗೆ ನೋಡಿ. ಅಂಚಿನಲ್ಲಿ ಸೋರದಿದ್ದರೆ ಜೋಡಣೆ ಸರಿಯಾಗಿದೆ.

ಆವಿ ಬಂದ ಮೇಲೇ ವೆಯ್ಟ್ ಇಡುವುದನ್ನು ದಿನಾ ಮಾಡಿ. ಇದೊಂದು ಅಭ್ಯಾಸ ಇದ್ದಿದ್ದರೆ ನಮ್ಮ ಅಮ್ಮನ ಕೈ ಸುಡುತ್ತಿರಲಿಲ್ಲ. ಆವಿ ಬಂತು ಎಂದರೆ ದಾರಿ ತೆರೆದಿದೆ ಎಂದು ಅರ್ಥ. ಕೆಲವು ಕುಕ್ಕರ್‌ಗಳ ಮುಚ್ಚಳ ಪಾತ್ರೆಯ ಒಳಗೆ ಕೂರುತ್ತದೆ. ಅವುಗಳ ವೆಯ್ಟ್ ಮುಚ್ಚಳಕ್ಕೇ ಸೇರಿರುತ್ತದೆ. ಅಂಥದ್ದಾದರೆ ಒಲೆಗೆ ಇಡುವ ಮೊದಲೇ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿ.

ಏನಾಗಿದೆ ಎಂದು ತಿಳಿಯುವುದು ಹೇಗೆ?

ಕುಕ್ಕರ್ ಕೂಗದಿದ್ದರೆ ಮೊದಲು ಒಂದು ಪ್ರಶ್ನೆ ಕೇಳಿ. ಆವಿ ಎಲ್ಲಿಂದಾದರೂ ಬರುತ್ತಿದೆಯೇ?

ಮುಚ್ಚಳದ ಅಂಚಿನಿಂದ ಬರುತ್ತಿದ್ದರೆ ಗ್ಯಾಸ್ಕೆಟ್ ಕೆಟ್ಟಿದೆ, ಇಲ್ಲವೇ ಅದರ ಕೆಳಗೆ ಅನ್ನದ ಅಗುಳು ಸಿಕ್ಕಿದೆ. ಪಾತ್ರೆ ಬಿದ್ದು ಅಂಚು ನೆಗ್ಗಿದ್ದರೂ ಹಾಗಾಗುತ್ತದೆ. ನೆಗ್ಗಿದ ಅಂಚನ್ನು ಸುತ್ತಿಗೆಯಿಂದ ತಟ್ಟಿ ಸರಿಮಾಡಲು ಹೋಗಬೇಡಿ. ವೆಯ್ಟಿನ ಬುಡದಿಂದ ಸದಾ ಸಣ್ಣಗೆ ಬರುತ್ತಿದ್ದರೆ ಮೊನೆ ಕೊಳೆಯಾಗಿದೆ, ಅಥವಾ ಉರಿ ಸಾಲದು. ಇವು ಸಣ್ಣ ತೊಂದರೆಗಳು. ಗ್ಯಾಸ್ ದಂಡ, ಹೊತ್ತು ದಂಡ, ಅಷ್ಟೆ.

ಉರಿ ಜೋರಾಗಿದೆ, ಬಹಳ ಹೊತ್ತಾಗಿದೆ, ಎಲ್ಲಿಂದಲೂ ಆವಿ ಇಲ್ಲ, ಸದ್ದೂ ಇಲ್ಲ. ಆಗ ಮಾತ್ರ ಹೆದರಿ. ಒಲೆ ಆರಿಸಿ. ಕುಕ್ಕರ್ ಮುಟ್ಟಬೇಡಿ, ಅಲ್ಲಾಡಿಸಬೇಡಿ, ವೆಯ್ಟ್ ಎತ್ತಬೇಡಿ. ಮಕ್ಕಳನ್ನು ಕರೆದುಕೊಂಡು ಆಚೆ ಬನ್ನಿ. ಪೂರ್ತಿ ತಣ್ಣಗಾಗುವವರೆಗೆ ಬಿಡಿ. ಗಂಡ, ಅತ್ತೆ ಊಟಕ್ಕೆ ಅವಸರ ಮಾಡಬಹುದು. ಮಾಡಲಿ.

ವೆಯ್ಟಿನಿಂದ ನೊರೆ ಚಿಮ್ಮಿ ಗೋಡೆಗೆಲ್ಲ ಹಾರುತ್ತದೆಯೆ? ಬೇಳೆ ಜಾಸ್ತಿ ತುಂಬಿದ್ದೀರಿ. ಏನೇ ಬೇಯಿಸಿದರೂ ಪಾತ್ರೆಯ ಮೂರರಲ್ಲಿ ಎರಡು ಪಾಲು ದಾಟಬಾರದು. ಅಕ್ಕಿ, ಬೇಳೆ, ಕಾಳು ಉಬ್ಬುತ್ತವೆ, ನೊರೆ ಕಟ್ಟುತ್ತವೆ. ಅವು ನೀರೂ ಸೇರಿ ಅರ್ಧ ದಾಟಬಾರದು. ಕಾಳನ್ನು ಮೊದಲೇ ತೊಳೆದು ತೇಲುವ ಸಿಪ್ಪೆ ತೆಗೆಯಿರಿ. ಒಂದು ಚಮಚ ಎಣ್ಣೆ ಹಾಕಿದರೆ ನೊರೆ ಅಡಗುತ್ತದೆ.

"ಮೂರು ಕೂಗಿಗೆ ಬೇಳೆ ಬೆಂದದ್ದು ಒಂದಿನ, ಬೇಯದ್ದು ಇನ್ನೊಂದಿನ. ಯಾಕೆ ಮೇಡಂ?" ಎಂದು ಒಬ್ಬರು ಕೇಳಿದರು. ಒಳ್ಳೆ ಪ್ರಶ್ನೆ. ಕೂಗು ಗಡಿಯಾರ ಅಲ್ಲ. ಉರಿ ಜೋರಾದರೆ ಐದು ನಿಮಿಷದಲ್ಲೇ ಮೂರು ಕೂಗು ಬಂದೀತು. ಉರಿ ಸಣ್ಣದಾದರೆ ಹದಿನೈದು ನಿಮಿಷ ಬೇಕಾದೀತು. ಮೊದಲ ಕೂಗು ಬಂದ ಮೇಲೆ ಉರಿ ಸಣ್ಣ ಮಾಡಿ, ಗಡಿಯಾರ ನೋಡಿ. ಕೂಗಿದಾಗಲೆಲ್ಲ ಒಳಗಿನ ನೀರೂ ಕಡಿಮೆ ಆಗುತ್ತದೆ. ಸುಮ್ಮನೆ ಹತ್ತು ಕೂಗು ಕೂಗಿಸಿದರೆ ನೀರು ಬತ್ತುತ್ತದೆ, ಗ್ಯಾಸೂ ದಂಡ.

ಬೆಂದ ಮೇಲೆ ತಾನಾಗಿ ಆರಲು ಬಿಡಿ. ಆಮೇಲೆ ಬಟ್ಟೆ ಹಿಡಿದು ವೆಯ್ಟ್ ಸ್ವಲ್ಪ ಎತ್ತಿ. 'ಸುಸ್' ಎಂದರೆ ಇನ್ನೂ ಆವಿ ಇದೆ, ಕಾಯಿರಿ. ಕೆಲವು ಸಲ ಪೂರ್ತಿ ತಣ್ಣಗಾದ ಮೇಲೂ ಮುಚ್ಚಳ ಬಿಡುವುದಿಲ್ಲ. ಆವಿ ನೀರಾಗಿ, ಒಳಗೆ ಗಾಳಿ ಕಡಿಮೆಯಾಗಿ, ಮುಚ್ಚಳವನ್ನು ಒಳಕ್ಕೆ ಎಳೆದಿರುತ್ತದೆ. ವೆಯ್ಟ್ ತೆಗೆದರೆ ಗಾಳಿ ಒಳಗೆ ಹೋಗಿ ಬಿಡುತ್ತದೆ. ಕೊಳವೆ ಕಟ್ಟಿಲ್ಲದಿದ್ದರೆ ಮಾತ್ರ ಈ ಮಾತು. ಸೌಟಿನ ಏಟು ಮಾತ್ರ ಬೇಡವೇ ಬೇಡ.

ಅಂಗಡಿಯಲ್ಲಿ

ಹೊಸ ಕುಕ್ಕರ್ ಕೊಳ್ಳುವಾಗ ಐ.ಎಸ್.ಐ. ಗುರುತು ನೋಡಿ. ಅದರ ಜೊತೆ 2347 ಎಂಬ ಅಂಕಿ ಇರುತ್ತದೆ. 2021ರ ಫೆಬ್ರುವರಿಯಿಂದ ಆ ಗುರುತಿಲ್ಲದ ಕುಕ್ಕರ್ ಮಾರುವಂತಿಲ್ಲ. ಆದರೂ ಸಂತೆಯಲ್ಲಿ ಮಾರುವವರು ಇರಬಹುದು. ಗ್ಯಾಸ್ಕೆಟ್, ವೆಯ್ಟ್, ಸೇಫ್ಟಿ ವಾಲ್ವ್ ತರುವಾಗ ನಿಮ್ಮ ಕುಕ್ಕರಿನ ಕಂಪನಿ ಹೆಸರು, ಎಷ್ಟು ಲೀಟರ್ ಎಂಬುದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಹಳೆಯದನ್ನೂ ಜೊತೆಗೆ ಒಯ್ಯಿರಿ.

ದಾರ ಸುತ್ತಿದ್ದ ಅಕ್ಕ ಮುಂದಿನ ವಾರವೇ ಪೇಟೆಗೆ ಹೋದರು. ಚೀಟಿ ಅವರೇ ಬರೆದದ್ದು. 'ಲೀಟರ್' ಎಂಬಲ್ಲಿ ದೀರ್ಘ ಬಿಟ್ಟುಹೋಗಿತ್ತು, ಪರವಾಗಿಲ್ಲ. ಅಂಗಡಿಯವನು ಒಂದು ಪೊಟ್ಟಣ ಕೊಟ್ಟು, "ಇದೇ ಆಗ್ತದೆ ತಗೊಂಡೋಗಮ್ಮ" ಅಂದನಂತೆ. ಅಕ್ಕ ಪೊಟ್ಟಣ ತಿರುಗಿಸಿ ನೋಡಿದರು. ಅದರ ಮೇಲೆ 3 ಇತ್ತು. ಚೀಟಿಯಲ್ಲಿ 5 ಇತ್ತು.

"ಇದು ನಮ್ದಲ್ಲ ಕಣಪ್ಪ. ಐದರದು ಕೊಡು" ಅಂದರಂತೆ.